ಗದಗಿನ ವಕೀಲರ ಹಾಡು

ಕೆಲವು ವರ್ಷಗಳ ಹಿಂದೆ ನವೆಂಬರ್ ಒಂದರಂದು ಶಿರಹಟ್ಟಿ ಕಡೆಯ ಒಂದು ಊರಿನ ಸಮಾರಂಭಕ್ಕೆ ನಮ್ಮನ್ನು ಅತಿಥಿಯಾಗಿ ಕರೆದಿದ್ದರು. ಕಥೆ ಬರೆಯುವವರನ್ನು ಕರೆಯುವುದು ವರ್ಷಕ್ಕೊಮ್ಮೆ ಇಂಥ ದಿನವೇ. ಧ್ವಜ ಏರಿದ ಮೇಲೆ ನಾಲ್ವರು ಹುಡುಗಿಯರು ಹಾಡಲು ನಿಂತರು. ಒಂದು ನುಡಿ ಮುಗಿಯುವಷ್ಟರಲ್ಲಿ ಮೈಕು ಕೈಕೊಟ್ಟಿತು. ಮಕ್ಕಳು ಗಾಬರಿಯಾಗಿ ಸಾಲು ಮರೆತರು. ನಾವು ಕುಳಿತಲ್ಲಿಂದಲೇ ಮುಂದಿನ ಸಾಲು ಎತ್ತಿಕೊಟ್ಟೆವು. ಅವರು ದನಿಗೂಡಿಸಿದರು, ಹಾಡು ದಡ ಸೇರಿತು.

ಚಹಾದ ಹೊತ್ತಿಗೆ ಹಿರಿಯರೊಬ್ಬರು ಹತ್ತಿರ ಬಂದು ಬೆನ್ನು ತಟ್ಟಿದರು. "ಅಡ್ಡಿಯಿಲ್ಲ ಬಿಡ್ರಿ ಸಾಬ್ರ, ನಿಮಗೂ ಈ ಹಾಡು ಪೂರಾ ಬರ್ತೈತಿ!" ಎಂದರು.

"ಬರದ ಏನ್ ಮಾಡ್ತೈತ್ರಿ ಯಜಮಾನ್ರ, ನಮ್ಮ ಗದಗಿನ ವಕೀಲರು ಬರದ ಹಾಡಲ್ಲೇನ್ರಿ ಅದು?" ಎಂದೆವು.

"ವಕೀಲರು?" ಅವರು ಹುಬ್ಬು ಗಂಟಿಕ್ಕಿದರು. "ಏ, ಅದು ಯಾರೋ ಕವಿಗಳು ಬರದದ್ದ್ರಿ."

ಅವರ ಮಾತಿನಲ್ಲಿ ಕಹಿ ಇರಲಿಲ್ಲ, ಪ್ರೀತಿಯೇ ಇತ್ತು. ಆದರೂ ಬಸ್ಸಿನಲ್ಲಿ ಗದಗಿಗೆ ಮರಳುವಾಗ ಎರಡು ಮಾತು ನಮ್ಮನ್ನು ಬಿಡಲಿಲ್ಲ. ಒಂದು, ಆ 'ನಿಮಗೂ'. ಇನ್ನೊಂದು, 'ವಕೀಲರು?' ಎಂಬ ಅವರ ಅಚ್ಚರಿ. ಎರಡಕ್ಕೂ ಒಳಗೊಳಗೆ ಸಂಬಂಧ ಇದೆ ಎಂದು ಅಂದಿನಿಂದ ನಮಗೆ ಅನ್ನಿಸುತ್ತಿದೆ. ಹಾಡನ್ನು ಬರೆದವನ ಬದುಕು ಮರೆತುಹೋದಾಗಲೇ ಆ ಹಾಡು ಯಾರದು ಎಂಬ ಪ್ರಶ್ನೆ ಹುಟ್ಟುತ್ತದೆ.

ಕೋರ್ಟಿಗೆ ಹೋಗುತ್ತಿದ್ದ ನಾಟಕಕಾರ

ಹುಯಿಲಗೋಳ ನಾರಾಯಣರಾಯರು ಹುಟ್ಟಿದ್ದು 1884ರ ಅಕ್ಟೋಬರ್ 4ರಂದು, ಗದಗಿನಲ್ಲಿ. ಗದಗ ರೈಲು ಕಾಣುತ್ತಿದ್ದ ಕಾಲ ಅದು. ರೈಲಿನ ಜೊತೆಗೆ ಅರಳೆಯ ವ್ಯಾಪಾರ ಬೆಳೆಯಿತು, ಹತ್ತಿಯ ಗಿರಣಿಗಳು ಎದ್ದವು. ಪಕ್ಕದ ಬೆಟಗೇರಿಯಲ್ಲಿ ನೇಕಾರರ ಮಗ್ಗಗಳು ಮೊದಲಿಂದಲೂ ಇದ್ದವು. ವ್ಯಾಪಾರ ಇದ್ದಲ್ಲಿ ಸಾಲ, ಸಾಲ ಇದ್ದಲ್ಲಿ ವ್ಯಾಜ್ಯ, ವ್ಯಾಜ್ಯ ಇದ್ದಲ್ಲಿ ವಕೀಲ. ರೈತರು ಸಾಹುಕಾರರ ಬಡ್ಡಿಯಲ್ಲಿ ಎಷ್ಟು ಸೋತಿದ್ದರೆಂಬುದಕ್ಕೆ ಗದಗಿನ ಮಗ್ಗುಲಿನ ಕಣಗಿನಹಾಳವೇ ಸಾಕ್ಷಿ. 1905ರಲ್ಲಿ ಸಿದ್ದನಗೌಡ ಪಾಟೀಲರು ದೇಶಕ್ಕೇ ಮಾದರಿಯಾದ ಕೃಷಿ ಪತ್ತಿನ ಸಹಕಾರ ಸಂಘವನ್ನು ಅಲ್ಲಿ ಕಟ್ಟಿದ್ದು ಆ ಬಡ್ಡಿಯ ಕುಣಿಕೆ ಬಿಡಿಸಲಿಕ್ಕೆ.

ಅಂದು ಮುಂಬಯಿ ಇಲಾಖೆಯ ಕನ್ನಡದ ಹುಡುಗನಿಗೆ ಹೆಚ್ಚಿನ ಓದು ಬೇಕೆಂದರೆ ದಾರಿ ಒಂದೇ, ಉತ್ತರಕ್ಕೆ. ನಾರಾಯಣರಾಯರೂ ಪುಣೆಯ ಫರ್ಗ್ಯುಸನ್ ಕಾಲೇಜಿಗೆ ಹೋಗಿ 1907ರಲ್ಲಿ ಬಿ.ಎ. ಮುಗಿಸಿದರು. ಕೆಲಕಾಲ ಧಾರವಾಡದ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಮೇಷ್ಟ್ರಾದರು. ಮತ್ತೆ ಮುಂಬಯಿಗೆ ಹೋಗಿ ಕಾನೂನು ಓದಿದರು. 1911ರಲ್ಲಿ ಗದಗಿಗೆ ಬಂದು ವಕೀಲಿ ಹೂಡಿದರು. ಮುಂಬಯಿಯ ಹೈಕೋರ್ಟು ಅವರನ್ನು ಸೆಳೆಯಲಿಲ್ಲ. ಹುಟ್ಟಿದ ಊರಿನಲ್ಲೇ ಬೇರುಬಿಟ್ಟರು.

ಹಗಲು ಕೋರ್ಟು, ರಾತ್ರಿ ನಾಟಕ. 'ಕನಕವಿಲಾಸ', 'ಪ್ರೇಮಾರ್ಜುನ', 'ಅಜ್ಞಾತವಾಸ', 'ಸಂಗೀತ ಕುಮಾರರಾಮ ಚರಿತ', 'ವಿದ್ಯಾರಣ್ಯ', 'ಪತಿತೋದ್ಧಾರ' ಹೀಗೆ ಒಂದರ ಮೇಲೊಂದು ನಾಟಕ ಬರೆದರು. ಪುರಾಣ, ಇತಿಹಾಸ, ಸಮಾಜ ಯಾವುದನ್ನೂ ಬಿಡಲಿಲ್ಲ. ಇಂದು ಆ ನಾಟಕಗಳನ್ನು ಆಡುವವರಿಲ್ಲ. ಉಳಿದದ್ದು ಒಂದು ಹಾಡು.

ವಕೀಲರಿಗೆ ನಾಟಕದ ಹುಚ್ಚು ಯಾಕೆ ಎಂದು ಕೇಳಬಹುದು. ಅದಕ್ಕೆ ಉತ್ತರ ಗದಗಿನ ಗಾಳಿಯಲ್ಲಿದೆ. ಉತ್ತರ ಕನ್ನಡದ ಕರ್ಕಿಯ ಭಾಗವತರ ಮೇಳ 1842ರಲ್ಲಿ ಸಾಂಗಲಿಗೆ ಹೋಗಿ ಆಟ ಆಡಿತು. ಅದನ್ನು ನೋಡಿದ ಸಾಂಗಲಿಯ ದೊರೆ, ನಮ್ಮ ಭಾಷೆಯಲ್ಲೂ ಇಂಥದ್ದೊಂದು ಬೇಕೆಂದು ವಿಷ್ಣುದಾಸ ಭಾವೆಯವರಿಗೆ ಹೇಳಿದ. ಮರುವರ್ಷ ಮರಾಠಿ ರಂಗಭೂಮಿ ಹುಟ್ಟಿತು. ಕನ್ನಡದ ಮೇಳದಿಂದ ಕಿಡಿ ಪಡೆದ ಆ ರಂಗಭೂಮಿ ಮುಂದೆ ಕಂಪನಿ ಕಟ್ಟಿಕೊಂಡು ಧಾರವಾಡ, ಹುಬ್ಬಳ್ಳಿ, ಗದಗುಗಳಿಗೆ ಬಂದಾಗ ನಮ್ಮ ಜನ ಟಿಕೀಟು ಕೊಂಡು ಮರಾಠಿ ನಾಟಕ ನೋಡುವಂತಾಯಿತು. ಇದನ್ನು ಸಹಿಸದೆ 1870ರ ದಶಕದಲ್ಲಿ ಗದಗಿನಲ್ಲಿ ಕನ್ನಡದ ನಾಟಕ ಮಂಡಳಿ ಕಟ್ಟಿದವರು ಶಾಲಾ ಮಾಸ್ತರರಾಗಿದ್ದ ಶಾಂತಕವಿ ಸಕ್ಕರಿ ಬಾಳಾಚಾರ್ಯರು. ಅವರ ಹಿಂದೆಯೇ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಬಂತು. ಈ ಊರಿನಲ್ಲಿ ಕನ್ನಡ ನಾಟಕ ಬರೆಯುವುದೆಂದರೆ ಬರೀ ವಿನೋದ ಆಗಿರಲಿಲ್ಲ. ಅದೂ ಒಂದು ದಾವೆಯೇ ಆಗಿತ್ತು.

ಒಂದು ನೆಲ, ಹಲವು ದಫ್ತರ

ಆ ದಾವೆ ಏನೆಂದು ತಿಳಿಯಬೇಕಾದರೆ ಓದುಗರು ಒಮ್ಮೆ ಅಂದಿನ ನಕಾಶೆ ನೋಡಬೇಕು.

ಗದಗ-ಬೆಟಗೇರಿ ಧಾರವಾಡ ಜಿಲ್ಲೆಯಲ್ಲಿ, ಮುಂಬಯಿ ಇಲಾಖೆಯಲ್ಲಿ. ದಕ್ಷಿಣಕ್ಕೆ ಸ್ವಲ್ಪ ಹೋದರೆ ಶಿರಹಟ್ಟಿ, ಅದು ಸಾಂಗಲಿ ಸಂಸ್ಥಾನದ್ದು. ಅಲ್ಲಿಂದ ಮುಂದೆ ಲಕ್ಷ್ಮೇಶ್ವರ, ಅದು ಮೀರಜ ಸಂಸ್ಥಾನದ್ದು. ಮುಂಡರಗಿ ಮತ್ತೆ ಬ್ರಿಟಿಷರದು, ಆದರೆ ಅದರ ಪೂರ್ವಕ್ಕೆ ಕೊಪ್ಪಳ ನಿಜಾಮರ ಸೀಮೆ. ತುಂಗಭದ್ರೆ ದಾಟಿದರೆ ಮದರಾಸು ಇಲಾಖೆಯ ಬಳ್ಳಾರಿ ಜಿಲ್ಲೆ. ಒಂದು ದಿನದ ಚಕ್ಕಡಿ ಪಯಣದಲ್ಲಿ ಎರಡು ಸರ್ಕಾರ, ಎರಡು ದಿನದಲ್ಲಿ ಮೂರು ನಾಲ್ಕು. ಒಂದೊಂದಕ್ಕೂ ಬೇರೆ ಬೇರೆ ಕೋರ್ಟು, ಬೇರೆ ಕಾಯಿದೆ, ಬೇರೆ ದಫ್ತರ. ಸಾಂಗಲಿ, ಮೀರಜದ ದಫ್ತರಗಳಲ್ಲಿ ಮರಾಠಿ, ನಿಜಾಮರ ದಫ್ತರದಲ್ಲಿ ಉರ್ದು, ಮುಂಬಯಿಯ ಮೇಲಿನ ಕೋರ್ಟಿನಲ್ಲಿ ಇಂಗ್ಲಿಷು. ಲಕ್ಷ್ಮೇಶ್ವರದ ರೈತ ಗದಗಿನ ಪೇಟೆಗೆ ಅರಳೆ ತಂದು ಮೋಸಹೋದರೆ ಅವನು ಯಾರ ಬಾಗಿಲು ಬಡಿಯಬೇಕು? ಇಂಥ ಪ್ರಶ್ನೆ ಪುಸ್ತಕ ಓದುವ ಪಂಡಿತನಿಗಿಂತ ಮೊದಲು ತಾಲೂಕಿನ ವಕೀಲನಿಗೇ ಎದುರಾಗುತ್ತದೆ.

ಈ ನಕಾಶೆಯಲ್ಲಿ ಇನ್ನೊಂದು ವಿಪರ್ಯಾಸ ಇತ್ತು. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಕನ್ನಡದ ತಿರುಳು ಯಾವುದೆಂದು ಹೇಳುವಾಗ ನಾಲ್ಕು ಊರುಗಳನ್ನು ಹೆಸರಿಸುತ್ತದೆ: ಕಿಸುವೊಳಲ್, ಕೊಪಣ, ಪುಲಿಗೆರೆ, ಒಕ್ಕುಂದ. ಕಿಸುವೊಳಲ್ ಎಂದರೆ ಪಟ್ಟದಕಲ್ಲು, ಕೊಪಣ ಎಂದರೆ ಕೊಪ್ಪಳ, ಒಕ್ಕುಂದ ಬೆಳಗಾವಿ ಜಿಲ್ಲೆಯಲ್ಲಿ. ಪುಲಿಗೆರೆಯೇ ನಮ್ಮ ಲಕ್ಷ್ಮೇಶ್ವರ. ಆದಿಕವಿ ಪಂಪನೂ ತನ್ನ ಕನ್ನಡ ಪುಲಿಗೆರೆಯದೆಂದು ಹೆಮ್ಮೆಪಟ್ಟವನು. 1924ರಲ್ಲಿ ಈ ನಾಲ್ಕರಲ್ಲಿ ಎರಡು ಮುಂಬಯಿ ಸರ್ಕಾರದಲ್ಲಿದ್ದವು, ಒಂದು ನಿಜಾಮರಲ್ಲಿ, ಒಂದು ಮೀರಜದಲ್ಲಿ. ಕನ್ನಡದ ತಿರುಳೇ ಮೂರು ಹೋಳಾಗಿತ್ತು. ತಿರುಳಿನ ನಡುವೆ ಇದ್ದ ಲಕ್ಷ್ಮೇಶ್ವರದ ಕಾಗದಪತ್ರ ಮರಾಠಿಯಲ್ಲಿ ನಡೆಯುತ್ತಿತ್ತು.

ಹಾಗೆಂದು ಮರಾಠಿಗಾಗಲಿ ಉರ್ದುವಿಗಾಗಲಿ ತಪ್ಪು ಹೊರಿಸುವುದು ನಮ್ಮ ಉದ್ದೇಶವಲ್ಲ. ನಾವು ಉರ್ದು ಶಾಲೆಯಲ್ಲಿ ಅಕ್ಷರ ಕಲಿತವರು. ಭಾಷೆ ತಪ್ಪು ಮಾಡುವುದಿಲ್ಲ. ಜನರ ಮಾತೊಂದು, ದಫ್ತರದ ಮಾತೊಂದು ಆದಾಗ ನಡುವೆ ಕುಳಿತವನು ದೊಡ್ಡವನಾಗುತ್ತಾನೆ, ಬಡವ ಮೂಕನಾಗುತ್ತಾನೆ. ತಕರಾರು ಇರುವುದು ಅದಕ್ಕೆ.

ಮೂವರು ವಕೀಲರು

ಈ ತಕರಾರನ್ನು ಎತ್ತಿಕೊಂಡವರಲ್ಲಿ ವಕೀಲರೇ ಮುಂದಿದ್ದರು. ಅವರಲ್ಲಿ ಮೂವರ ದಾರಿ ಮೂರು ಬಗೆ.

ಮೊದಲನೆಯವರು ಆಲೂರು ವೆಂಕಟರಾಯರು. 1880ರಲ್ಲಿ ವಿಜಾಪುರದಲ್ಲಿ ಹುಟ್ಟಿ, 1905ರಲ್ಲಿ ಕಾನೂನು ಪದವಿ ಪಡೆದು ಧಾರವಾಡದಲ್ಲಿ ವಕೀಲಿ ಆರಂಭಿಸಿದರು. ಆದರೆ ಕೋರ್ಟು ಅವರಿಗೆ ಒಗ್ಗಲಿಲ್ಲ. ಪತ್ರಿಕೆ, ಪುಸ್ತಕ, ಸಭೆ ಎಂದು ನಾಡಿನ ಕೆಲಸಕ್ಕೇ ಇಳಿದರು. 1917ರಲ್ಲಿ ಬಂದ ಅವರ 'ಕರ್ನಾಟಕ ಗತವೈಭವ' ನಮ್ಮ ಜನಕ್ಕೆ ತಮ್ಮ ಬೆನ್ನಹಿಂದೆ ಒಂದು ಚರಿತ್ರೆ ಇದೆ ಎಂದು ತೋರಿಸಿತು.

ಎರಡನೆಯವರು ಹುಬ್ಬಳ್ಳಿಯ ಸಿದ್ದಪ್ಪ ಕಂಬಳಿಯವರು. ವಕೀಲಿಯಿಂದ ಹುಬ್ಬಳ್ಳಿ ನಗರಸಭೆಗೆ, ಅಲ್ಲಿಂದ ಮುಂಬಯಿ ಶಾಸನಸಭೆಗೆ ಹೋದರು. 1919ರ ಕಾಯಿದೆ ಶಿಕ್ಷಣ, ಕೃಷಿಯಂಥ ಖಾತೆಗಳನ್ನು ಭಾರತೀಯ ಮಂತ್ರಿಗಳ ಕೈಗೆ ಕೊಟ್ಟು ಹಣಕಾಸು, ಪೊಲೀಸಿನ ಕೀಲಿಕೈಯನ್ನು ಬ್ರಿಟಿಷರಲ್ಲೇ ಇಟ್ಟಿತ್ತು. ಕಾಂಗ್ರೆಸ್ 1920ರ ಚುನಾವಣೆಯನ್ನು ಬಹಿಷ್ಕರಿಸಿತು. ಅಧಿಕಾರ ಅರ್ಧವಾದರೂ ಇರಲಿ, ಅದರಿಂದ ಹಿಂದುಳಿದವರ ಮಕ್ಕಳಿಗೆ ಶಾಲೆ ಸಿಗಲಿ ಎಂದು ಬ್ರಾಹ್ಮಣೇತರ ನಾಯಕರು ಒಳಗೆ ಹೋದರು. ಕಂಬಳಿಯವರು ಆ ಸಾಲಿನವರು. 1930ರ ದಶಕದಲ್ಲಿ ಮುಂಬಯಿ ಸರ್ಕಾರದ ಶಿಕ್ಷಣ ಮಂತ್ರಿಯಾದರು, 'ಸರ್' ಪದವಿ ಪಡೆದರು. ಅದೇ ಪದವಿ ಮುಂದೆ ಅವರನ್ನು ನೆನಪಿನಿಂದ ದೂರ ಮಾಡಿತೇನೋ. ಸ್ವಾತಂತ್ರ್ಯದ ಕಥೆ ಬರೆದವರಿಗೆ ಜೈಲು ಕಂಡವರು ಬೇಕಾಗಿದ್ದರು, ಬ್ರಿಟಿಷರ ಬಿರುದು ಪಡೆದವರು ಬೇಕಾಗಿರಲಿಲ್ಲ. ಇಂದು ಹುಬ್ಬಳ್ಳಿಯಲ್ಲಿ ಅವರ ಹೆಸರಿನ ರಸ್ತೆ ಇದೆ. ರಸ್ತೆಯಲ್ಲಿ ಓಡಾಡುವವರಲ್ಲಿ ಆ ಹೆಸರಿನ ಅರ್ಥ ಬಲ್ಲವರು ಕಡಿಮೆ.

ಮೂರನೆಯವರು ನಮ್ಮ ನಾರಾಯಣರಾಯರು. ಆಲೂರರಂತೆ ಕೋರ್ಟು ಬಿಡಲಿಲ್ಲ, ಕಂಬಳಿಯವರಂತೆ ಶಾಸನಸಭೆ ಏರಲಿಲ್ಲ. ತಾಲೂಕಿನ ವಕೀಲರಾಗಿಯೇ ಉಳಿದರು.

ಮೂವರ ದಾರಿಗಳೂ ಒಂದು ಕಡೆ ಕೂಡಿದವು, ಬೆಳಗಾವಿಯಲ್ಲಿ. 1924ರ ಡಿಸೆಂಬರ್ 26 ಮತ್ತು 27ರಂದು ಅಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಅದು. ಅದಕ್ಕೆ ಬೆನ್ನೆಲುಬಾಗಿ ನಿಂತ ಗಂಗಾಧರರಾವ್ ದೇಶಪಾಂಡೆಯವರೂ ವಕೀಲರೇ. ಅದೇ ಹೊತ್ತಿನಲ್ಲಿ ಮೊದಲ ಕರ್ನಾಟಕ ಏಕೀಕರಣ ಸಮ್ಮೇಳನ ಬೆಳಗಾವಿಯಲ್ಲಿ ಸೇರಿತು. ಅಧ್ಯಕ್ಷರು ಸಿದ್ದಪ್ಪ ಕಂಬಳಿ. ಕಾಂಗ್ರೆಸ್ಸಿನ ಅಂಗಳದಲ್ಲಿ ಕಾಂಗ್ರೆಸ್ ಅಲ್ಲದ ನಾಯಕ ಅಧ್ಯಕ್ಷ! ನಾಡು ಒಂದಾಗಬೇಕೆಂಬ ಮಾತು ಪಕ್ಷ, ಜಾತಿಗಳ ಗೋಡೆಯನ್ನು ಅಷ್ಟುಮಟ್ಟಿಗಾದರೂ ತಗ್ಗಿಸಿತ್ತು. ಆ ಬೆಳಗಾವಿಯಲ್ಲೇ ಸ್ವಾಗತಗೀತೆಯಾಗಿ ನಾರಾಯಣರಾಯರ 'ಉದಯವಾಗಲಿ' ಕೇಳಿಬಂತು. ಆಗ ಅವರಿಗೆ ನಲವತ್ತು ವರ್ಷ.

ಆ ಕ್ರಿಯಾಪದವನ್ನು ಗಮನಿಸಿ. ಉದಯವಾಗಿದೆ ಎಂದಲ್ಲ, ಆಗಲಿ ಎಂದು. ಇಲ್ಲದ ನಾಡಿಗೆ ಕವಿ ಹಾಡು ಕಟ್ಟಿದ್ದಾರೆ. ಕೋರ್ಟಿನ ಕಾಗದ ಕಂಡವರಿಗೆ ಈ ಧಾಟಿ ಪರಿಚಿತ. ದಾವೆಯ ಅರ್ಜಿಯಲ್ಲಿ ಮೊದಲು ಸಂಗತಿಗಳು, ಆಮೇಲೆ ಹಕ್ಕಿನ ವಾದ, ಕೊನೆಗೆ 'ಹೀಗಾಗಲಿ' ಎಂಬ ಪ್ರಾರ್ಥನೆ. ನಾರಾಯಣರಾಯರು ಇದನ್ನು ಎಣಿಸಿಯೇ ಬರೆದರೆಂದು ನಾವು ಹೇಳುವುದಿಲ್ಲ. ಆದರೆ ಒಂದು ಜನಾಂಗದ ಅರ್ಜಿಯ ಕೊನೆಯ ಸಾಲಿನಂತೆ ಆ ಹಾಡು ನಮಗೆ ಕೇಳಿಸುತ್ತದೆ.

ಬೇರೆ ದೇಶದ ಒಬ್ಬ ವಕೀಲ

ನಾಡಗೀತೆ ಬರೆದ ವಕೀಲ ನಮ್ಮಲ್ಲಿ ಮಾತ್ರ ಇಲ್ಲ. ಅಮೆರಿಕದ ರಾಷ್ಟ್ರಗೀತೆ ಬರೆದ ಫ್ರಾನ್ಸಿಸ್ ಸ್ಕಾಟ್ ಕೀ ಕೂಡ ವಕೀಲ. 1779ರಲ್ಲಿ ಮೇರಿಲ್ಯಾಂಡಿನಲ್ಲಿ ಹುಟ್ಟಿದವನು. 1814ರ ಸೆಪ್ಟೆಂಬರಿನಲ್ಲಿ, ಬ್ರಿಟಿಷರ ಸೆರೆಯಲ್ಲಿದ್ದ ಒಬ್ಬ ವೈದ್ಯನನ್ನು ಬಿಡಿಸಿಕೊಳ್ಳಲು ಅವರ ಹಡಗಿಗೆ ಮಾತುಕತೆಗೆ ಹೋದ. ಮಾತು ಫಲಿಸಿತು, ಆದರೆ ಬಾಲ್ಟಿಮೋರಿನ ಕೋಟೆಯ ಮೇಲೆ ದಾಳಿ ಮುಗಿಯುವ ತನಕ ಬ್ರಿಟಿಷರು ಅವನನ್ನು ಬಿಡಲಿಲ್ಲ. ರಾತ್ರಿಯೆಲ್ಲ ಗುಂಡಿನ ಮಳೆ ನೋಡಿದ. ಬೆಳಗಾದಾಗ ಕೋಟೆಯ ಮೇಲೆ ತನ್ನ ದೇಶದ ಬಾವುಟವೇ ಹಾರುತ್ತಿರುವುದನ್ನು ಕಂಡು ಪದ್ಯ ಬರೆದ. ಮುಂದೆ ರಾಜಧಾನಿ ವಾಷಿಂಗ್ಟನ್ನಿನ ಸರ್ಕಾರಿ ವಕೀಲನಾಗಿ 1833ರಿಂದ 1841ರವರೆಗೆ ದುಡಿದ. 1843ರಲ್ಲಿ ತೀರಿಕೊಂಡ. ಅವನ ಹಾಡು ಅಧಿಕೃತ ರಾಷ್ಟ್ರಗೀತೆಯಾದದ್ದು 1931ರಲ್ಲಿ.

ಸ್ವತಂತ್ರರ ನಾಡೆಂದು ಹಾಡಿದ ಕೀ ಸ್ವತಃ ಗುಲಾಮರನ್ನು ಇಟ್ಟುಕೊಂಡಿದ್ದ. ಗುಲಾಮಗಿರಿ ಬೇಡ ಎನ್ನುವ ಪತ್ರಿಕೆಗಳನ್ನು ಹಂಚಿದನೆಂದು ಒಬ್ಬನ ಮೇಲೆ 1836ರಲ್ಲಿ ಸರ್ಕಾರದ ಪರ ವಾದಿಸಿದ. ಪಂಚರು ಆರೋಪಿಯನ್ನು ಬಿಟ್ಟರು. ಬರೆದವನು 'ನಮ್ಮ' ಎಂದಾಗ ಆ 'ನಮ್ಮ' ಒಳಗೆ ಕರಿಯರು ಇರಲಿಲ್ಲ. ಆದರೂ ಅದೇ ಕರಿಯರ ಮೊಮ್ಮಕ್ಕಳು ಆ ಹಾಡಿಗೆ ಎದ್ದು ನಿಂತು, ಕೆಲವೊಮ್ಮೆ ಮಂಡಿಯೂರಿ, ಅದರ ಅರ್ಥವನ್ನು ದೊಡ್ಡದು ಮಾಡಿದರು. ಹಾಡು ಬರೆದವನ ಕೈ ದಾಟಿದ ಮೇಲೆ ಹಾಡುವವರ ಸ್ವತ್ತಾಗುತ್ತದೆ.

ನಮ್ಮ ಬಾಲ್ಯದಲ್ಲೂ ಇಬ್ಬರು ವಕೀಲರ ಹಾಡುಗಳಿದ್ದವು. ಉರ್ದು ಪ್ರಾಥಮಿಕ ಶಾಲೆಯಲ್ಲಿ ದಿನಾ ಬೆಳಿಗ್ಗೆ 'ಬಚ್ಚೆ ಕೀ ದುವಾ' ಹೇಳುತ್ತಿದ್ದೆವು. ಅದನ್ನು ಬರೆದ ಇಕ್ಬಾಲ್ ಮುಂದೆ ಬ್ಯಾರಿಸ್ಟರ್ ಆಗಿ ಲಾಹೋರಿನಲ್ಲಿ ವಕೀಲಿ ಮಾಡಿದವರು, 1926ರಲ್ಲಿ ಪಂಜಾಬಿನ ಶಾಸನಸಭೆಗೆ ಆರಿಸಿಬಂದವರು. ಕನ್ನಡ ಹೈಸ್ಕೂಲಿಗೆ ಬಂದಾಗ ನವೆಂಬರ್ ಒಂದಕ್ಕೆ 'ಉದಯವಾಗಲಿ' ಹಾಡಿದೆವು. ಒಂದು ಹಾಡಿಗೆ ಇನ್ನೊಂದು ಅಡ್ಡಬರಲಿಲ್ಲ. ಎರಡೂ ಕೊನೆಗೆ ಬೇಡಿಕೆಗಳೇ. ಆದರೆ ಬರೆದವರು ಇದೇ ಊರಿನ ಕೋರ್ಟಿಗೆ ಹೋಗಿಬರುತ್ತಿದ್ದರೆಂದು ಯಾವ ಮೇಷ್ಟ್ರೂ ನಮಗೆ ಹೇಳಲಿಲ್ಲ. ಎಷ್ಟೋ ವರ್ಷದ ಮೇಲೆ ಅಪ್ಪನ ಜೊತೆ ಮನೆಯ ಪತ್ರದ ಕೆಲಸಕ್ಕೆ ಕೋರ್ಟಿಗೆ ಹೋದಾಗ, ಸ್ಟಾಂಪು ಮಾರುವ ಮುದುಕರೊಬ್ಬರು, "ಹಾಡು ಬರದ ಹುಯಿಲಗೋಳ ವಕೀಲರು ಗದಗಿನವ್ರ ತಮ್ಮಾ" ಎಂದು ಹೇಳಿದರು. ಅಂದಿನಿಂದ ಆ ಹಾಡಿಗೆ ನಮ್ಮ ಕಿವಿಯಲ್ಲಿ ಒಂದು ವಿಳಾಸ ಸಿಕ್ಕಿತು.

ತೀರ್ಪು ಬರುವ ತನಕ

ಬೆಳಗಾವಿಯ ಅರ್ಜಿಗೆ ತೀರ್ಪು ಬರಲು ಮೂವತ್ತೆರಡು ವರ್ಷ ಹಿಡಿಯಿತು. 1928ರ ನೆಹರೂ ವರದಿ ಕರ್ನಾಟಕದ ವಾದಕ್ಕೆ ಬಲವಿದೆ ಎಂದು ಒಪ್ಪಿತು. 1948ರ ಮಾರ್ಚಿನಲ್ಲಿ ಸಾಂಗಲಿ, ಮೀರಜ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಲೀನವಾದಾಗ ಶಿರಹಟ್ಟಿ, ಲಕ್ಷ್ಮೇಶ್ವರಗಳು ಗದಗಿನ ಜೊತೆ ಒಂದೇ ಆಡಳಿತಕ್ಕೆ ಬಂದವು. ಆದರೆ ಅದೇ ವರ್ಷ ಧರ್ ಆಯೋಗ ಭಾಷಾವಾರು ಪ್ರಾಂತ ಬೇಡ ಎಂದಿತು. ಕನ್ನಡಿಗರು ಕಾದರು, ಕಾದು ಸಿಟ್ಟಾದರು. ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು 1947ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಕರ್ನಾಟಕ ಪ್ರಾಂತದ ಗೊತ್ತುವಳಿ ಮಂಡಿಸಿದ್ದರು, 1953ರಲ್ಲಿ ಸ್ಥಾನಕ್ಕೇ ರಾಜೀನಾಮೆ ಕೊಟ್ಟರು. ಅದೇ ವರ್ಷ ಹುಬ್ಬಳ್ಳಿ ಬಳಿಯ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಉಪವಾಸ ಕುಳಿತರು. ಹುಬ್ಬಳ್ಳಿಯಲ್ಲಿ ಜನ ರೊಚ್ಚಿಗೆದ್ದರು. ಆಂಧ್ರಕ್ಕಾಗಿ ಪೊಟ್ಟಿ ಶ್ರೀರಾಮುಲು ಪ್ರಾಣ ತೆತ್ತಾಗಿತ್ತು. ಕೊನೆಗೆ ಕೇಂದ್ರ ಸರ್ಕಾರ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಿಸಿತು. ಅದರ ಅಧ್ಯಕ್ಷರು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಸೈಯದ್ ಫಜಲ್ ಅಲಿ. 1955ರಲ್ಲಿ ವರದಿ ಬಂತು. 1956ರ ನವೆಂಬರ್ 1ರಂದು ಕನ್ನಡದ ಸೀಮೆಗಳು ಒಂದಾದವು.

ಹೆಸರು ಮಾತ್ರ ಮೈಸೂರು ಎಂದೇ ಉಳಿಯಿತು. ನಾರಾಯಣರಾಯರು ತೀರಿಕೊಂಡದ್ದು 1971ರ ಜುಲೈ 4ರಂದು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ತಮ್ಮ ಅರ್ಜಿಯ ತೀರ್ಪು ಕಣ್ಣಾರೆ ಕಂಡರು. ಆದರೆ ಆ ತೀರ್ಪಿಗೆ ಸರಿಯಾದ ತಲೆಬರಹ ಬೀಳುವುದನ್ನು ಕಾಣಲಿಲ್ಲ. 2004ರಲ್ಲಿ ಸರ್ಕಾರ ಕುವೆಂಪು ಅವರ ಗೀತೆಯನ್ನು ನಾಡಗೀತೆಯಾಗಿ ಸ್ವೀಕರಿಸಿತು. ಅದಕ್ಕೆ ನಮ್ಮ ತಕರಾರಿಲ್ಲ, ಅದು ಎಲ್ಲ ಮತದವರನ್ನೂ ಹೆಸರು ಹಿಡಿದು ಕರೆಯುವ ಹಾಡು. ಆದರೂ ನಮ್ಮ ಕಡೆ ನವೆಂಬರ್ ಬಂದರೆ ವಕೀಲರ ಹಾಡೂ ಏಳುತ್ತದೆ.

ಈಗ ಆ ಹಿರಿಯರ 'ನಿಮಗೂ' ಎಂಬ ಮಾತಿಗೆ ಬರೋಣ. ಮಾತು ನಡೆದದ್ದು ಶಿರಹಟ್ಟಿ ಸೀಮೆಯಲ್ಲಿ. ಅಲ್ಲಿಯ ಮಠದ ಹೆಸರು ಫಕೀರೇಶ್ವರ. ಆ ಹೆಸರಿನಲ್ಲಿ ಫಕೀರ ಎಲ್ಲಿ ಮುಗಿದು ಈಶ್ವರ ಎಲ್ಲಿ ಶುರುವಾಗುತ್ತಾನೆಂದು ಗೆರೆ ಎಳೆಯಲು ಅಲ್ಲಿಯ ಭಕ್ತರು ಯಾವತ್ತೂ ಹೋಗಲಿಲ್ಲ. ಲಕ್ಷ್ಮೇಶ್ವರದಲ್ಲಿ ಸೋಮೇಶ್ವರನ ಗುಡಿ ಇದೆ, ಜೈನರ ಬಸದಿ ಇದೆ, ಆದಿಲಶಾಹಿ ಕಾಲದ ಜುಮ್ಮಾ ಮಸೀದಿ ಇದೆ. ಪಂಪನ ತಿರುಳುಗನ್ನಡ ಇವೆಲ್ಲವುಗಳ ಅಂಗಳದಲ್ಲೂ ಆಡಿದ ಭಾಷೆ. ಈ ಸೀಮೆಯನ್ನು ಹೋಳು ಮಾಡಿದ್ದು ಜನರಲ್ಲ, ದಫ್ತರಗಳು. ಕೂಡಿಸಿದ್ದು ಒಬ್ಬರಲ್ಲ. ಕೋರ್ಟು ಬಿಟ್ಟವರು, ಶಾಸನಸಭೆ ಏರಿದವರು, ಉಪವಾಸ ಕೂತವರು, ವರದಿ ಬರೆದ ಒಬ್ಬ ಸೈಯದರು, ಹಾಡು ಬರೆದ ಒಬ್ಬ ರಾಯರು.

ಆ ದಿನ ಚಹಾದ ಬಟ್ಟಲು ಹಿಡಿದು ನಿಂತಾಗ ಇಷ್ಟೆಲ್ಲ ಹೇಳಲು ಆಗಲಿಲ್ಲ. ಈಗ ಹೇಳುವುದಾದರೆ ಇಷ್ಟೇ: ಯಜಮಾನ್ರ, ಅರ್ಜಿಗೆ ಸಹಿ ಮಾಡಿದವರ ಪಟ್ಟಿಯಲ್ಲಿ ನಮ್ಮ ಹಿರೀಕರೂ ಇದ್ದಾರ್ರೀ. ಅದಕ್ಕ ಹಾಡು ನಮಗೂ ಬರ್ತೈತಿ.